ಎಸೆದ ಎಲೆಗಳ ಲೆಕ್ಕ

ನಮ್ಮ ಮನೆಯಲ್ಲಿ ಇಸ್ಪೀಟು ಆಡುವವರಲ್ಲಿ ನನ್ನ ಅತ್ತೆಯನ್ನು ಸೋಲಿಸಿದವರು ಕಡಿಮೆ. ಮದುವೆ ಮನೆಯ ರಾತ್ರಿಗಳಲ್ಲಿ, ಚಪ್ಪರದ ಕೆಳಗೆ ಜಮಖಾನ ಹಾಸಿ ರಮ್ಮಿಗೆ ಕೂತರೆ, ಅವರು ತಮ್ಮ ಕೈಯ ಎಲೆಗಳಿಗಿಂತ ಹೆಚ್ಚಾಗಿ ನೆಲದ ಮೇಲೆ ಬಿದ್ದ ಎಲೆಗಳನ್ನು ನೋಡುತ್ತಿದ್ದರು. ನಾನು ಹತ್ತು ವರ್ಷದವನಿದ್ದಾಗ ಒಮ್ಮೆ ಕಾರಣ ಕೇಳಿದ್ದೆ. "ಕೈಲಿರೋದು ನಿಂಗೊಬ್ನಿಗೇ ಗೊತ್ತು ಕಣೋ. ಎಸ್ದಿದ್ದು ಊರಿಗೆಲ್ಲ ಕಾಣತ್ತೆ" ಅಂದಿದ್ದರು.

ಈ ಮಾತು ನನಗೆ ಪೂರ್ತಿ ಅರ್ಥವಾಗಿದ್ದು ಅಮೆರಿಕದ ಮಿಲ್ವಾಕಿಯಲ್ಲಿ, 2014ರ ಚಳಿಗಾಲದಲ್ಲಿ. ಆಗ ನಾನು ಅಲ್ಲಿ ವಿದ್ಯಾರ್ಥಿ. ಸಂಜೆ ನಾಲ್ಕೂವರೆಗೆ ಕತ್ತಲಾಗುವ ಆ ಊರಿನಲ್ಲಿ ಬೆಚ್ಚಗೆ ಕೂರಲು ದುಡ್ಡು ಕೇಳದ ಜಾಗಗಳು ಎರಡೇ ಇದ್ದವು: ಲೈಬ್ರರಿ ಮತ್ತು ನಾನಿದ್ದ ಬೀದಿಯ ಕೊನೆಯಲ್ಲಿದ್ದ ಒಂದು ಕಾರ್ಡ್ ಅಂಗಡಿ. ಅಂಗಡಿಯ ಹಿಂಭಾಗದ ಉದ್ದನೆಯ ಮೇಜುಗಳಲ್ಲಿ ಜನ 'ಮ್ಯಾಜಿಕ್: ದ ಗ್ಯಾದರಿಂಗ್' ಆಡುತ್ತಿದ್ದರು. ನೋಡುತ್ತ ನಿಂತವನು ಒಂದು ತಿಂಗಳಲ್ಲಿ ಆಡುವವನಾದೆ. ಎರಡನೆಯ ತಿಂಗಳಲ್ಲಿ ಈ ಆಟ ಬಡವರದ್ದಲ್ಲ ಎಂದು ಗೊತ್ತಾಯಿತು. ಮೂರನೆಯ ತಿಂಗಳಲ್ಲಿ 150 ಡಾಲರ್ ಎತ್ತಿಟ್ಟುಕೊಂಡು, ಸಾವಿರಾರು ಡಾಲರಿನ ಡೆಕ್ಕುಗಳ ಎದುರು ಕೂರಬಲ್ಲ ಒಂದು ಡೆಕ್ಕು ಕಟ್ಟಲು ಹೊರಟೆ. ಆ ಡೆಕ್ಕಿಗೆ ಬೇಕಾದ ಕಾರ್ಡುಗಳನ್ನು ಒಂದೊಂದಾಗಿ ಹುಡುಕುವಾಗ, ಪ್ರತಿ ಕಾರ್ಡಿನ ಹಿಂದೆಯೂ ಒಂದು ಕಥೆ ಇರುವುದು ಕಂಡಿತು. ಈ ಬರಹ ಆ ಕಥೆಗಳ ಲೆಕ್ಕ.

ಒಂದು ಗುಡ್ಡೆಗೆ ಇಟ್ಟ ಹೆಸರು

ಮ್ಯಾಜಿಕ್ ಆಟವನ್ನು ರೂಪಿಸಿದವರು ರಿಚರ್ಡ್ ಗಾರ್ಫೀಲ್ಡ್, ಗಣಿತದ ವಿದ್ಯಾರ್ಥಿ. 1991ರಲ್ಲಿ ಅವರು ತಮ್ಮ ಇನ್ನೊಂದು ಆಟವನ್ನು ಹಿಡಿದು ಪೀಟರ್ ಆಡ್ಕಿಸನ್ ಎಂಬವರ ಬಳಿ ಹೋದರು. ಆಡ್ಕಿಸನ್ ಅವರ 'ವಿಜರ್ಡ್ಸ್ ಆಫ್ ದ ಕೋಸ್ಟ್' ಆಗ ಪುಟ್ಟ ಕಂಪನಿ, ಆ ಆಟವನ್ನು ತಯಾರಿಸುವಷ್ಟು ಬಂಡವಾಳ ಇರಲಿಲ್ಲ. ಜೇಬಿನಲ್ಲಿ ಒಯ್ಯಬಹುದಾದ, ಬೇಗ ಮುಗಿಯುವ ಆಟ ಮಾಡಿಕೊಡಿ ಎಂದು ಕೇಳಿದರು. ಹೀಗೆ ಹುಟ್ಟಿದ್ದು ಮ್ಯಾಜಿಕ್. 1993ರ ಆಗಸ್ಟಿನಲ್ಲಿ 'ಜೆನ್ ಕಾನ್' ಎಂಬ ಆಟಗಳ ದೊಡ್ಡ ಜಾತ್ರೆಯಲ್ಲಿ ಅದು ಜನರ ಕೈಗೆ ಬಂತು. ಆ ಜಾತ್ರೆ ನಡೆದದ್ದು ಇದೇ ಮಿಲ್ವಾಕಿಯಲ್ಲಿ. ಮೊದಲ ಮುದ್ರಣ 'ಆಲ್ಫಾ'ದಲ್ಲಿ ಒಟ್ಟು ಸುಮಾರು 26 ಲಕ್ಷ ಕಾರ್ಡುಗಳು ಅಚ್ಚಾಗಿದ್ದವು. ನೋಡನೋಡುತ್ತಿದ್ದಂತೆ ಖಾಲಿಯಾದವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಬ್ಬರು ಆಟಗಾರರು, ಇಬ್ಬರಿಗೂ 20 ಜೀವಾಂಕ. ಪ್ರತಿಯೊಬ್ಬರೂ ತಾವೇ ಆರಿಸಿ ಕಟ್ಟಿದ, ಸಾಮಾನ್ಯವಾಗಿ 60 ಕಾರ್ಡುಗಳ ಡೆಕ್ಕು ತರುತ್ತಾರೆ. ಕೈಗೆ ಏಳು ಕಾರ್ಡು, ಸರದಿಗೊಂದು ಹೊಸ ಕಾರ್ಡು. ಕೆಲವು ಕಾರ್ಡುಗಳು ಭೂಮಿ. ಭೂಮಿಯಿಂದ ಬರುವ ಶಕ್ತಿಗೆ 'ಮಾನಾ' ಎಂದು ಹೆಸರು. ಆ ಮಾನಾ ಕೊಟ್ಟು ಪ್ರಾಣಿಗಳನ್ನು ಇಳಿಸಬೇಕು, ಮಂತ್ರಗಳನ್ನು ಹಾಕಬೇಕು. ಸತ್ತ ಪ್ರಾಣಿ, ಬಳಸಿದ ಮಂತ್ರ, ಎಸೆದ ಕಾರ್ಡು ಇವೆಲ್ಲ ಒಂದು ಗುಡ್ಡೆಗೆ ಹೋಗುತ್ತವೆ. ರಮ್ಮಿಯಲ್ಲಿ ಆ ಗುಡ್ಡೆಗೆ ವಿಶೇಷ ಹೆಸರೇನೂ ಇಲ್ಲ. ಗಾರ್ಫೀಲ್ಡ್ ಅದನ್ನು 'ಗ್ರೇವ್‌ಯಾರ್ಡ್' ಎಂದು ಕರೆದರು, ಸ್ಮಶಾನ. ಹೆಸರಿಟ್ಟ ಮೇಲೆ ಅಲ್ಲಿಂದ ಯಾರಾದರೂ ಎದ್ದು ಬರಲೇಬೇಕಲ್ಲ! ಆಲ್ಫಾದಲ್ಲೇ 'ಅನಿಮೇಟ್ ಡೆಡ್' ಇತ್ತು. ಎರಡು ಮಾನಾ ಕೊಟ್ಟರೆ ಯಾರ ಸ್ಮಶಾನದಿಂದಾದರೂ ಒಂದು ಪ್ರಾಣಿಯನ್ನು ಎಬ್ಬಿಸಬಹುದು. ಎಂಟು ಮಾನಾದ ರಾಕ್ಷಸನನ್ನು ಇಳಿಸಲು ಎಂಟು ಸರದಿ ಕಾಯುವ ಬದಲು, ಅವನನ್ನು ಮೊದಲು ಎಸೆದು ಆಮೇಲೆ ಎರಡು ಮಾನಾಕ್ಕೆ ಎಬ್ಬಿಸುವ ಉಪಾಯ ಅಂದಿನಿಂದಲೇ ಶುರು.

ಅದೇ ಆಲ್ಫಾದಲ್ಲಿ ಇನ್ನೊಂದು ಕಾರ್ಡು: 'ನೆದರ್ ಶ್ಯಾಡೋ'. ಸ್ಮಶಾನದಲ್ಲಿ ಇದರ ಮೇಲೆ ಮೂರು ಪ್ರಾಣಿಗಳು ಬಿದ್ದಿದ್ದರೆ, ನಿಮ್ಮ ಸರದಿಯ ಆರಂಭದಲ್ಲಿ ತಾನಾಗಿ ಎದ್ದು ಬರುತ್ತದೆ. ಮಾನಾ ಬೇಡ. ಇದರಿಂದಾಗಿ ಸ್ಮಶಾನದ ಕಾರ್ಡುಗಳು ಬಿದ್ದ ಕ್ರಮಕ್ಕೂ ಬೆಲೆ ಬಂತು. ಇವತ್ತಿಗೂ ಹಳೆಯ ಕಾರ್ಡುಗಳಿಗೆ ಅವಕಾಶವಿರುವ ಪಂದ್ಯಗಳಲ್ಲಿ ಸ್ಮಶಾನದ ಕ್ರಮವನ್ನು ಬದಲಿಸುವಂತಿಲ್ಲ. 'ಉರ್ಜಾಸ್ ಸಾಗಾ' ಮತ್ತು ಆನಂತರದ ಕಾರ್ಡುಗಳು ಮಾತ್ರ ಇರುವ ಪಂದ್ಯಗಳಲ್ಲಿ ಬದಲಿಸಬಹುದು. ಒಂದು ಹಳೆಯ ಕಾರ್ಡಿನ ನೆರಳು ನಿಯಮ ಪುಸ್ತಕದ ಮೇಲೆ ಇಷ್ಟು ದೂರ ಚಾಚಿದೆ.

ಭೂಮಿಯ ಬೆಲೆ

ಈಗ ದುಡ್ಡಿನ ವಿಷಯ. ಗಾರ್ಫೀಲ್ಡ್ ಅವರ ಮೊದಲ ಊಹೆ ಸರಳವಾಗಿತ್ತು. ಜನ ಒಂದು ಸಾಧಾರಣ ಆಟದ ಡಬ್ಬಿಗೆ ಖರ್ಚು ಮಾಡುವಷ್ಟನ್ನೇ ಇದಕ್ಕೂ ಮಾಡುತ್ತಾರೆ, ಹಾಗಾಗಿ ಒಂದು ಗೆಳೆಯರ ಗುಂಪಿನಲ್ಲಿ ಅಪರೂಪದ ಕಾರ್ಡು ಒಂದೋ ಎರಡೋ ಇರುತ್ತವೆ, ಅಷ್ಟೇ. ಆದರೆ ಜನ ಪೆಟ್ಟಿಗೆಗಟ್ಟಲೆ ಕೊಂಡರು. ಪ್ರಬಲ ಕಾರ್ಡುಗಳು ದುಡ್ಡಿದ್ದವರ ಕೈ ಸೇರಿದವು.

1995ರಲ್ಲಿ ಕಂಪನಿ 'ಕ್ರಾನಿಕಲ್ಸ್' ಎಂಬ ಹೆಸರಿನಲ್ಲಿ ಹಳೆಯ ಕಾರ್ಡುಗಳನ್ನು ಮರುಮುದ್ರಿಸಿತು. ಕೂಡಿಟ್ಟವರು ಸಿಟ್ಟಾದರು, ತಮ್ಮ ಕಾರ್ಡುಗಳ ಬೆಲೆ ಬಿತ್ತು ಎಂದು. 1996ರಲ್ಲಿ ಕಂಪನಿ ಒಂದು ಪಟ್ಟಿ ಪ್ರಕಟಿಸಿ, ಇದರಲ್ಲಿರುವ ಕಾರ್ಡುಗಳನ್ನು ಇನ್ನೆಂದೂ ಅಚ್ಚು ಹಾಕುವುದಿಲ್ಲ ಎಂದು ಮಾತು ಕೊಟ್ಟಿತು. ಅದೇ 'ರಿಸರ್ವ್ಡ್ ಲಿಸ್ಟ್'. ಪಟ್ಟಿಯಲ್ಲಿ 'ಡ್ಯುಯಲ್ ಲ್ಯಾಂಡ್' ಎಂಬ ಹತ್ತು ಭೂಮಿ ಕಾರ್ಡುಗಳೂ ಇವೆ. ಎರಡು ಬಣ್ಣದ ಮಾನಾ ಕೊಡುವ ಇವು ಕೊನೆಯದಾಗಿ ಸಾಮಾನ್ಯ ಪ್ಯಾಕೆಟ್ಟುಗಳಲ್ಲಿ ಬಂದದ್ದು 1994ರ 'ರಿವೈಸ್ಡ್' ಮುದ್ರಣದಲ್ಲಿ. ಆಡುವವರು ಹೆಚ್ಚಾದರು, ಕಾರ್ಡುಗಳು ಹೆಚ್ಚಾಗಲಿಲ್ಲ. 2004ರಲ್ಲಿ ಎಲ್ಲ ಕಾಲದ ಕಾರ್ಡುಗಳಿಗೂ ಅವಕಾಶ ಕೊಟ್ಟು, ಅತಿ ಪ್ರಬಲವಾದವನ್ನು ಮಾತ್ರ ನಿಷೇಧಿಸಿದ 'ಲೆಗಸಿ' ಎಂಬ ಪಂದ್ಯ ವಿಧಾನ ಬಂದಾಗ, ಅದರಲ್ಲಿ ಡೆಕ್ಕು ಕಟ್ಟಲು ಬೇಕಾದ ದೊಡ್ಡ ಖರ್ಚು ಭೂಮಿಯದ್ದೇ ಆಯಿತು. ಅಂಗಡಿಯಲ್ಲಿ ಶುಕ್ರವಾರ ರಾತ್ರಿ ಆಡುತ್ತಿದ್ದದ್ದು ಇದೇ ಲೆಗಸಿ.

ಗಾಜಿನ ಪೆಟ್ಟಿಗೆಯಲ್ಲಿದ್ದ ಆ ಭೂಮಿಗಳ ಬೆಲೆಯನ್ನು ರೂಪಾಯಿಗೆ ಗುಣಿಸಿ ನೋಡಿದ್ದು ನೆನಪಿದೆ. ನಾಲ್ಕು ಕಾರ್ಡಿನ ದುಡ್ಡು ಊರಿಗೆ ಕಳಿಸಿದರೆ ನಮ್ಮ ಮನೆಯ ಸೋರುವ ಹೆಂಚು ತೆಗೆದು ಹೊಸದು ಹಾಕಬಹುದಿತ್ತು. ಕೊಳ್ಳುವ ಪ್ರಶ್ನೆ ಇರಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ: ಭೂಮಿಯೇ ಇಲ್ಲದೆ ಆಡಬಹುದೇ?

ಆಡಬಹುದಿತ್ತು. ಅಂಥ ಡೆಕ್ಕು ಆಗಲೇ ಇತ್ತು. ಅದರ ಹೆಸರು 'ಮಾನಾಲೆಸ್ ಡ್ರೆಜ್'. ಕನ್ನಡದ ಕಿವಿಗೆ ಅದು ಕೇಳಿಸುವ ರೀತಿಗೆ ನಾನು ಒಬ್ಬನೇ ನಕ್ಕಿದ್ದೆ. ಮಾನವಿಲ್ಲದ ಡೆಕ್ಕು.

ನಷ್ಟದಿಂದ ಆದ ಯಂತ್ರ

'ಡ್ರೆಜ್' ಬಂದದ್ದು 2005ರ 'ರಾವ್ನಿಕಾ' ಸಂಚಿಕೆಯಲ್ಲಿ. ಕೊಳೆತದ್ದನ್ನು ಗೊಬ್ಬರ ಮಾಡಿ ಬದುಕುವ 'ಗೋಲ್ಗಾರಿ' ಎಂಬ ಕಲ್ಪಿತ ಸಂಘದ ಕಾರ್ಡುಗಳಿಗೆ ಕೊಟ್ಟ ಗುಣ ಇದು. ನಿಯಮ ಹೀಗಿದೆ: ನೀವು ಹೊಸ ಕಾರ್ಡು ಎಳೆಯುವ ಬದಲು, ಡೆಕ್ಕಿನ ಮೇಲಿನ ಇಷ್ಟು ಕಾರ್ಡುಗಳನ್ನು ಸ್ಮಶಾನಕ್ಕೆ ಹಾಕಿ, ಅಲ್ಲಿರುವ ಡ್ರೆಜ್ ಕಾರ್ಡನ್ನು ಕೈಗೆ ತಂದುಕೊಳ್ಳಬಹುದು. 'ಗೋಲ್ಗಾರಿ ಗ್ರೇವ್-ಟ್ರೋಲ್'ಗೆ ಆರು, 'ಸ್ಟಿಂಕ್‌ವೀಡ್ ಇಂಪ್'ಗೆ ಐದು, 'ಗೋಲ್ಗಾರಿ ಥಗ್'ಗೆ ನಾಲ್ಕು. ಡೆಕ್ಕಿನಿಂದ ಆರು ಕಾರ್ಡು ಕಳೆದುಕೊಳ್ಳುವುದು ಮೇಲ್ನೋಟಕ್ಕೆ ದಂಡ. ಆದರೆ ಸ್ಮಶಾನದಲ್ಲೇ ಕೆಲಸ ಮಾಡುವ ಕಾರ್ಡುಗಳನ್ನು ತುಂಬಿದ ಡೆಕ್ಕಿಗೆ ಅದು ಒಂದರ ಬದಲು ಆರು ಕಾರ್ಡು ಎಳೆದಂತೆ.

ಆ ಕಾರ್ಡುಗಳೂ ಬಂದವು. 2006ರಲ್ಲಿ 'ಡ್ರೆಡ್ ರಿಟರ್ನ್': ಮೂರು ಪ್ರಾಣಿಗಳನ್ನು ಬಲಿ ಕೊಟ್ಟರೆ ಸ್ಮಶಾನದಿಂದಲೇ ಹಾಕಬಹುದಾದ ಮಂತ್ರ, ಇನ್ನೊಂದು ಪ್ರಾಣಿಯನ್ನು ಎಬ್ಬಿಸುತ್ತದೆ. 2007ರಲ್ಲಿ 'ನಾರ್ಕೋಮೀಬಾ': ಡೆಕ್ಕಿನಿಂದ ಸ್ಮಶಾನಕ್ಕೆ ಬಿದ್ದ ಕ್ಷಣವೇ ಪುಕ್ಕಟೆ ರಂಗಕ್ಕೆ ಬರುತ್ತದೆ. ಅದೇ ವರ್ಷ 'ಬ್ರಿಡ್ಜ್ ಫ್ರಮ್ ಬಿಲೋ': ಇದು ಸ್ಮಶಾನದಲ್ಲಿದ್ದರೆ ನಿಮ್ಮ ಪ್ರಾಣಿ ಸತ್ತಾಗಲೆಲ್ಲ ಒಂದು ಜಾಂಬಿ ಹುಟ್ಟುತ್ತದೆ. ಈ ಕಾರ್ಡಿನ ಮೂಲೆಯಲ್ಲಿ ಮೂರು ಮಾನಾದ ಬೆಲೆ ಅಚ್ಚಾಗಿದೆ. ಅಷ್ಟು ಕೊಟ್ಟು ಇಳಿಸಿದರೆ ಅದು ಏನನ್ನೂ ಮಾಡದೆ ಸುಮ್ಮನೆ ಕೂರುತ್ತದೆ.

ಇದೆಲ್ಲಕ್ಕಿಂತ ನನಗೆ ಹಿಡಿಸಿದ್ದು 'ಬಜಾರ್ ಆಫ್ ಬಾಗ್ದಾದ್' ಕಥೆ. 1993ರ ಡಿಸೆಂಬರಿನ 'ಅರೇಬಿಯನ್ ನೈಟ್ಸ್' ಸಂಚಿಕೆಯ ಭೂಮಿ ಅದು. ಆದರೆ ಮಾನಾ ಕೊಡುವುದಿಲ್ಲ. ಎರಡು ಕಾರ್ಡು ಎಳೆದು ಮೂರು ಎಸೆಯಬೇಕು. ಪ್ರತಿ ಸಲ ಒಂದು ನಷ್ಟ. ಡ್ರೆಜ್ ಬಂದ ಮೇಲೆ ಲೆಕ್ಕ ತಿರುಗಿತು. ಎಸೆಯುವುದೇ ಬೇಕಾಗಿತ್ತು, ಎಳೆಯುವ ಎರಡೂ ಸಲ ಡ್ರೆಜ್ ಆಗುತ್ತಿತ್ತು. ಆದರೆ ಅದೂ ರಿಸರ್ವ್ಡ್ ಲಿಸ್ಟಿನಲ್ಲಿದೆ, ಬೆಲೆ ಒಂದು ಒಳ್ಳೆಯ ಬೈಕಿನಷ್ಟು. ಮೇಲಾಗಿ ಲೆಗಸಿಯಲ್ಲಿ ಅದಕ್ಕೆ ನಿಷೇಧ.

ಹಾಗಾದರೆ ನನ್ನಂಥವನು ಮೊದಲ ಡ್ರೆಜ್ ಕಾರ್ಡನ್ನು ಕೈಯಿಂದ ಸ್ಮಶಾನಕ್ಕೆ ಕಳಿಸುವುದು ಹೇಗೆ? ಎಸೆಯಲೂ ಒಂದು ಕಾರ್ಡು ಬೇಕು, ಆ ಕಾರ್ಡಿಗೆ ಮಾನಾ ಬೇಕು, ಮಾನಾಕ್ಕೆ ಭೂಮಿ ಬೇಕು. ಇದಕ್ಕೆ ಆಟಗಾರರು ಕಂಡುಕೊಂಡ ಉತ್ತರ 1993ರ ನಿಯಮ ಪುಸ್ತಕದಲ್ಲೇ ಇತ್ತು. ಸರದಿಯ ಕೊನೆಯಲ್ಲಿ ಕೈಯಲ್ಲಿ ಏಳಕ್ಕಿಂತ ಹೆಚ್ಚು ಕಾರ್ಡು ಇದ್ದರೆ ಹೆಚ್ಚಾದದ್ದನ್ನು ಎಸೆಯಬೇಕು. ಇಳಿಸಲಾಗದವನಿಗೆ, ಭೂಮಿ ಸಿಗದವನಿಗೆ ಹಾಕಿದ ದಂಡ ಅದು. ಮೊದಲು ಆಡುವವನಿಗೆ ಮೊದಲ ಸರದಿಯಲ್ಲಿ ಕಾರ್ಡು ಎಳೆಯುವ ಹಕ್ಕಿಲ್ಲ, ಎರಡನೆಯವನಿಗೆ ಇದೆ. ಎಲ್ಲರೂ ಮೊದಲು ಆಡಲು ಹಾತೊರೆಯುವಾಗ ಈ ಡೆಕ್ಕಿನವನು "ನೀವು ಮೊದಲು" ಎನ್ನುತ್ತಾನೆ. ತನ್ನ ಸರದಿ ಬಂದಾಗ ಎಂಟನೆಯ ಕಾರ್ಡು ಎಳೆಯುತ್ತಾನೆ, ಏನನ್ನೂ ಇಳಿಸುವುದಿಲ್ಲ. ಕೊನೆಯಲ್ಲಿ ನಿಯಮದ ಪ್ರಕಾರ, ಸಪ್ಪೆ ಮುಖ ಮಾಡಿಕೊಂಡು, ಒಂದು ಗ್ರೇವ್-ಟ್ರೋಲನ್ನು ಎಸೆಯುತ್ತಾನೆ. ಯಂತ್ರ ಶುರುವಾಯಿತು.

ನನ್ನ ಡೆಕ್ಕಿನಲ್ಲಿ ಡ್ರೆಜ್ ಇರುವ ಕಾರ್ಡು 12. ಮೊದಲ ಎಂಟು ಕಾರ್ಡುಗಳಲ್ಲಿ ಕನಿಷ್ಠ ಒಂದಾದರೂ ಸಿಗುವ ಸಾಧ್ಯತೆ 100ಕ್ಕೆ 85. ಜೊತೆಗೆ 'ಫ್ಯಾಂಟಾಸ್ಮಗೋರಿಯನ್' ನಾಲ್ಕು. ಇದು ಸ್ಮಶಾನದಲ್ಲಿದ್ದಾಗ ಕೈಯಿಂದ ಮೂರು ಕಾರ್ಡು ಎಸೆದರೆ ತಾನು ಕೈಗೆ ವಾಪಸ್ ಬರುತ್ತದೆ. ಎಸೆಯುವುದೇ ಇದರ ಬೆಲೆ, ನಮಗೆ ಬೇಕಾದ್ದೂ ಅದೇ. ತಾನಾಗಿ ಎದ್ದು ಬರುವ 'ಇಕೊರಿಡ್' ನಾಲ್ಕು, 1993ರ ನೆದರ್ ಶ್ಯಾಡೋ ನಾಲ್ಕು. ನೆದರ್ ಶ್ಯಾಡೋವನ್ನು ಅಂಗಡಿಯವನು ಹಳೆಯ ಕಾರ್ಡುಗಳ ಅಗ್ಗದ ಡಬ್ಬಿಯಿಂದ ಹೆಕ್ಕಿಕೊಟ್ಟ. ಅಂಚು ಸವೆದಿತ್ತು, ಯಾರಿಗೂ ಬೇಡವಾಗಿತ್ತು.

ಕೊನೆಯ ಎರಡು ಕಾರ್ಡು ಬಂದದ್ದು ಇನ್ನೂ ಈಚೆಗೆ. 2013ರ 'ಬ್ಯಾಲಸ್ಟ್ರೇಡ್ ಸ್ಪೈ' ತೀರಾ ಸಾಮಾನ್ಯ ಕಾರ್ಡು. ಇದು ರಂಗಕ್ಕೆ ಬಂದಾಗ ಒಂದು ಭೂಮಿ ಕಾರ್ಡು ಸಿಗುವವರೆಗೂ ಡೆಕ್ಕಿನ ಕಾರ್ಡುಗಳನ್ನು ತೆರೆದು ಸ್ಮಶಾನಕ್ಕೆ ಹಾಕುತ್ತದೆ. ಸಾಮಾನ್ಯ ಡೆಕ್ಕಿನಲ್ಲಿ ಮೂರು ನಾಲ್ಕು ಕಾರ್ಡಿಗೆ ಭೂಮಿ ಸಿಕ್ಕಿ ನಿಂತುಬಿಡುತ್ತದೆ. ನನ್ನ ಡೆಕ್ಕಿನಲ್ಲಿ ಭೂಮಿಯೇ ಇಲ್ಲ. ನಿಲ್ಲಲು ಜಾಗವಿಲ್ಲದೆ ಇಡೀ ಡೆಕ್ಕು ಸ್ಮಶಾನಕ್ಕೆ ಇಳಿಯುತ್ತದೆ. 2012ರ 'ಫ್ಲೇಯರ್ ಆಫ್ ದ ಹೇಟ್‌ಬೌಂಡ್' ಇನ್ನೊಂದು: ನಿಮ್ಮ ಸ್ಮಶಾನದಿಂದ ಯಾವ ಪ್ರಾಣಿ ಎದ್ದರೂ ಅದರ ಬಲದಷ್ಟು ಪೆಟ್ಟು ಎದುರಾಳಿಗೆ ಬೀಳುತ್ತದೆ.

ಈಗ ಎಲ್ಲವನ್ನೂ ಪೋಣಿಸಿದರೆ ಹೀಗಾಗುತ್ತದೆ. ಪುಕ್ಕಟೆ ಎದ್ದ ಮೂರು ಪ್ರಾಣಿಗಳನ್ನು ಬಲಿ ಕೊಟ್ಟು ಡ್ರೆಡ್ ರಿಟರ್ನ್. ಸ್ಮಶಾನದಲ್ಲಿ ಎರಡು ಬ್ರಿಡ್ಜ್ ಇದ್ದರೆ ಆರು ಜಾಂಬಿಗಳು ಹುಟ್ಟುತ್ತವೆ. ಎದ್ದ ಸ್ಪೈ ಇಡೀ ಡೆಕ್ಕನ್ನು ಸ್ಮಶಾನಕ್ಕೆ ಸುರಿಯುತ್ತದೆ. ಮೂರು ಜಾಂಬಿ ಕೊಟ್ಟು ಎರಡನೆಯ ಡ್ರೆಡ್ ರಿಟರ್ನ್, ಫ್ಲೇಯರ್ ಏಳುತ್ತದೆ, ನಾಲ್ಕು ಪೆಟ್ಟು. ಉಳಿದ ಮೂರು ಜಾಂಬಿ ಕೊಟ್ಟು ಮೂರನೆಯದು, ಗ್ರೇವ್-ಟ್ರೋಲ್ ಏಳುತ್ತದೆ. ಸ್ಮಶಾನದಲ್ಲಿ ಎಷ್ಟು ಪ್ರಾಣಿಗಳಿವೆಯೋ ಅಷ್ಟು ಅದರ ಬಲ. ಉಳಿದ 16 ಜೀವಾಂಕಕ್ಕೆ ಅದು ಸಾಕು. ಇಷ್ಟೆಲ್ಲ ಆದರೂ ನಾನು ಕೈಯಿಂದ ಒಂದು ಕಾರ್ಡನ್ನೂ ಇಳಿಸಿರುವುದಿಲ್ಲ.

ಶುಕ್ರವಾರ

ಡೆಕ್ಕು ಸಿದ್ಧವಾದ ವಾರ ಎರಡನೆಯ ಸುತ್ತಿನಲ್ಲಿ ನನಗೆ ಎದುರಾದವರು ಅಂಗಡಿಯ ಹಿರಿಯ ಆಟಗಾರರೊಬ್ಬರು. ಅಚ್ಚಿನ ಯಂತ್ರ ರಿಪೇರಿ ಅವರ ಕೆಲಸ. ಬೆರಳ ಸಂದಿಯಲ್ಲಿ ಯಾವಾಗಲೂ ಮಸಿ. ಆಟವನ್ನು ಮೊದಲ ವರ್ಷದಿಂದ ಆಡಿದವರು. ಅವರ ಡ್ಯುಯಲ್ ಲ್ಯಾಂಡುಗಳು ಪ್ಯಾಕೆಟ್ಟಿನ ಬೆಲೆಗೆ ಬಂದವು.

ಮೊದಲ ಆಟ ನಾನು ಮೇಲೆ ಹೇಳಿದ ಹಾಗೆಯೇ ನಡೆಯಿತು. ನಾಲ್ಕನೆಯ ಸರದಿಗೆ ಗೆದ್ದೆ. ಅವರು ಜೋರಾಗಿ ನಕ್ಕರು. ನನಗೆ ಆ ಕ್ಷಣ, ಆ ದೇಶಕ್ಕೆ ಬಂದ ಮೇಲೆ ಮೊದಲ ಬಾರಿ, ಜೇಬಿನಲ್ಲಿ ದುಡ್ಡಿಲ್ಲದ್ದು ನಾಚಿಕೆಯ ವಿಷಯ ಅನ್ನಿಸಲಿಲ್ಲ.

ಸೋತವರಿಗೆ ಮುಂದಿನ ಆಟದಲ್ಲಿ ಯಾರು ಮೊದಲು ಎಂದು ಆರಿಸುವ ಹಕ್ಕು. ಅವರು ಕಾರ್ಡು ಕಲಸುತ್ತ, ತುಂಬಾ ವಿನಯದಿಂದ, "ನೀವೇ ಮೊದಲು ಆಡಿ" ಎಂದರು. ನನ್ನ ಹೊಟ್ಟೆ ತಣ್ಣಗಾಯಿತು. ಮೊದಲು ಆಡುವವನಿಗೆ ಎಂಟನೆಯ ಕಾರ್ಡಿಲ್ಲ. ಎಸೆಯಲು ಅವಕಾಶವಿಲ್ಲ. ಏಳು ಕಾರ್ಡು ಹಿಡಿದು ಸುಮ್ಮನೆ ಸರದಿ ಬಿಟ್ಟುಕೊಟ್ಟೆ. ಆ ಒಂದು ಸರದಿ ಹಿಂದೆ ಬಿದ್ದವನು ಮೇಲೆ ಬರಲೇ ಇಲ್ಲ.

ಮೂರನೆಯ ಆಟದಲ್ಲಿ ಅವರು ಮೊದಲ ಸರದಿಗೇ ಒಂದು ಸಣ್ಣ ಕಾರ್ಡು ಇಳಿಸಿದರು. 'ಟಾರ್ಮಡ್ಸ್ ಕ್ರಿಪ್ಟ್', 1994ರ ಆಗಸ್ಟಿನ 'ದ ಡಾರ್ಕ್' ಸಂಚಿಕೆಯದ್ದು. ಬೆಲೆ ಸೊನ್ನೆ ಮಾನಾ. ಬೇಕೆಂದಾಗ ಒಬ್ಬರ ಇಡೀ ಸ್ಮಶಾನವನ್ನು ಆಟದಿಂದಲೇ ಅಳಿಸುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಅಂಥದ್ದಕ್ಕೆ ಜಾಗವಿಲ್ಲ, ಅಷ್ಟು ಅಗ್ಗ. ನಾನು ನಿಧಾನವಾಗಿ ಆಡಿದೆ, ಸ್ವಲ್ಪ ಸ್ವಲ್ಪವೇ ಸ್ಮಶಾನಕ್ಕೆ ಹಾಕಿದೆ, ಅವರು ಅವಸರಪಟ್ಟು ಅದನ್ನು ಬಳಸಲಿ ಎಂದು ಕಾದೆ. ಅವರು ಬಳಸಲಿಲ್ಲ. ಕೊನೆಗೆ ಕಾಯಲು ನನಗೆ ಜೀವಾಂಕ ಉಳಿದಿರಲಿಲ್ಲ. ಮೂರು ಪ್ರಾಣಿಗಳನ್ನು ಬಲಿ ಕೊಟ್ಟು ಡ್ರೆಡ್ ರಿಟರ್ನ್ ಹಾಕಿದೆ. ಬಲಿ ಎಂದರೆ ಬೆಲೆ, ಅದನ್ನು ಮೊದಲೇ ಕೊಡಬೇಕು, ವಾಪಸ್ ಇಲ್ಲ. ಆಗ ಅವರು ಕ್ರಿಪ್ಟ್ ಮೇಲೆ ಬೆರಳಿಟ್ಟರು. ಎಬ್ಬಿಸಬೇಕಿದ್ದ ಪ್ರಾಣಿ ಇಲ್ಲ. ಬ್ರಿಡ್ಜ್ ಇಲ್ಲ, ಹಾಗಾಗಿ ಒಂದು ಜಾಂಬಿಯೂ ಇಲ್ಲ. ಮೇಜಿನ ನನ್ನ ಕಡೆ ಖಾಲಿಯಾಗಿತ್ತು.

ಆಟ ಮುಗಿದ ಮೇಲೆ ಅವರು ತಮ್ಮ ಫೈಲು ತೆರೆದು, ಮುಂದಿನ ವಾರಕ್ಕೆ ನನ್ನ ಭೂಮಿಗಳನ್ನು ತೆಗೆದುಕೊಳ್ಳಿ, ಬೇರೆ ಡೆಕ್ಕು ಕಟ್ಟಿ, ಆಡಿ ವಾಪಸ್ ಕೊಡಿ ಎಂದರು. ಬೇಡ ಎಂದೆ. ಮಾನಾ ಇಲ್ಲದ ಡೆಕ್ಕಿನವನಿಗೆ ಮಾನ ಅಡ್ಡ ಬಂತು.

ಯಾರು ಬೆಲೆ ಕೊಟ್ಟರು

ಅಂದು ಹಿಮದಲ್ಲಿ ಮನೆಗೆ ನಡೆಯುತ್ತ ಹಾಕಿದ ಲೆಕ್ಕ ಇದು. ನನ್ನ ಡೆಕ್ಕು ಅಗ್ಗವಾಗಿತ್ತು ಎಂದುಕೊಂಡಿದ್ದೆ. ನಿಜವಾಗಿ ನಾನು ಬೆಲೆಯನ್ನು ಬೇರೆ ಕಡೆ ಕೊಟ್ಟಿದ್ದೆ. ಭೂಮಿ ಇದ್ದವನ ಬಂಡವಾಳ ಕೈಯಲ್ಲಿ, ಡೆಕ್ಕಿನಲ್ಲಿ, ರಂಗದಲ್ಲಿ ಹಂಚಿಹೋಗಿರುತ್ತದೆ. ಒಂದು ಪೆಟ್ಟು ಬಿದ್ದರೆ ಇನ್ನೊಂದು ಕಡೆಯಿಂದ ಎದ್ದು ನಿಲ್ಲುತ್ತಾನೆ. ನನ್ನದೆಲ್ಲ ಒಂದೇ ಗುಡ್ಡೆಯಲ್ಲಿತ್ತು, ಅದೂ ಎಲ್ಲರ ಕಣ್ಣೆದುರು. ಸ್ಮಶಾನ ಬಯಲಿನದ್ದು. ಅಲ್ಲಿ ಏನಿದೆ ಎಂದು ಎದುರಾಳಿ ಯಾವಾಗ ಬೇಕಾದರೂ ನೋಡಬಹುದು, ನಾನು ಮುಚ್ಚಿಡುವಂತಿಲ್ಲ. ಅದನ್ನು ಅಳಿಸಲು ಸೊನ್ನೆ ಬೆಲೆಯ ಒಂದು ಕಾರ್ಡು ಸಾಕು. ಅದಕ್ಕೆ ಉತ್ತರ ಕೊಡಲು ಮಾನಾ ಬೇಕು, ನನ್ನಲ್ಲಿ ಅದೇ ಇಲ್ಲ.

ಇತಿಹಾಸವನ್ನು ಈ ಕಣ್ಣಿನಿಂದ ನೋಡಿದರೆ ಇನ್ನೊಂದು ಸಾಲು ಕಾಣುತ್ತದೆ. ಆಟಗಾರರು ಸ್ಮಶಾನದಲ್ಲಿ ಕಂಡುಕೊಂಡ ಪ್ರತಿ ಯಂತ್ರದ ಹಿಂದೆಯೇ ಒಂದು ಬೀಗ ಬಂದಿದೆ. 1994ರಲ್ಲಿ ಕ್ರಿಪ್ಟ್. ಡ್ರೆಜ್ ಬಂದ ಮರುವರ್ಷ, 2006ರಲ್ಲಿ, 'ಲೇಲೈನ್ ಆಫ್ ದ ವಾಯ್ಡ್': ಮೊದಲ ಕೈಯಲ್ಲೇ ಇದ್ದರೆ ಆಟ ಶುರುವಾಗುವ ಮುನ್ನವೇ ರಂಗದಲ್ಲಿರುತ್ತದೆ, ಎದುರಾಳಿಯ ಕಾರ್ಡು ಸ್ಮಶಾನ ಮುಟ್ಟುವುದೇ ಇಲ್ಲ. 2011ರಲ್ಲಿ 'ಮಾಡರ್ನ್' ಎಂಬ ಪಂದ್ಯ ವಿಧಾನ ಶುರುವಾದಾಗ ಗ್ರೇವ್-ಟ್ರೋಲ್ ಮತ್ತು ಡ್ರೆಡ್ ರಿಟರ್ನ್ ಎರಡಕ್ಕೂ ಅಲ್ಲಿ ನಿಷೇಧ. ಟ್ರೋಲನ್ನು 2015ರಲ್ಲಿ ಬಿಡುಗಡೆ ಮಾಡಿ 2017ರಲ್ಲಿ ಮತ್ತೆ ನಿಷೇಧಿಸಿದರು. ಬ್ರಿಡ್ಜ್ ಫ್ರಮ್ ಬಿಲೋಗೆ ಅದೇ ಗತಿ 2019ರಲ್ಲಿ. ಯಾರೂ ಲಕ್ಷ್ಯ ಕೊಡದ ಮೂಲೆಯಲ್ಲಿ ಬೆಳೆದದ್ದು ದೊಡ್ಡದಾದ ಮೇಲೆ ಎಲ್ಲರೂ ಲಕ್ಷ್ಯ ಕೊಡುತ್ತಾರೆ. ಆದರೂ ಪ್ರತಿ ಸಲ, ಬೀಗ ಬೀಳುವ ಮುನ್ನ ಸಿಗುವ ಆ ಒಂದು ಆಟ ಇದೆಯಲ್ಲ, ಅಗ್ಗದ ಡಬ್ಬಿಯ ಸವೆದ ಕಾರ್ಡು ಎದ್ದು ಬಂದು ಗೆಲ್ಲಿಸುವ ಆಟ, ಅದಕ್ಕಾಗಿ ಜನ ಹುಡುಕುತ್ತಲೇ ಇದ್ದಾರೆ. ನಾನೂ ಆ ಚಳಿಗಾಲ ಪೂರ್ತಿ ಅದೇ ಡೆಕ್ಕು ಆಡಿದೆ. ಮೊದಲ ಆಟಗಳನ್ನು ಹೆಚ್ಚು ಕಡಿಮೆ ಗೆಲ್ಲುತ್ತಿದ್ದೆ, ಮುಂದಿನವುಗಳಲ್ಲಿ ಸೋಲುತ್ತಿದ್ದೆ. ವಸಂತ ಬರುವ ಹೊತ್ತಿಗೆ ಮಸಿಬೆರಳಿನ ಆ ಹಿರಿಯರಿಂದ ಭೂಮಿಯನ್ನೂ ಎರವಲು ಪಡೆದೆ. ಮೊದಲ ದಿನವೇ ಪಡೆಯಬಹುದಿತ್ತು.

ಊರಿಗೆ ಮರಳಿದ ಮೇಲೆ ಡೆಕ್ಕು ಮೈಸೂರು ಸ್ಯಾಂಡಲ್ ಸೋಪಿನ ರಟ್ಟಿನ ಪೆಟ್ಟಿಗೆಯಲ್ಲಿ ಕೂತಿತ್ತು. ಕಳೆದ ದಸರಾ ರಜೆಯಲ್ಲಿ ಅಣ್ಣನ ಮಗನಿಗೆ ಆಡಿ ತೋರಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತು ಹೂ ಕಟ್ಟುತ್ತಿದ್ದರು. ಈಗ ಅವರಿಗೆ ಎಪ್ಪತ್ತೆಂಟು. ಕನ್ನಡಕ ಸರಿಮಾಡಿಕೊಂಡು ಹತ್ತು ನಿಮಿಷ ನೋಡಿದರು. ಕಾರ್ಡಿನ ಮೇಲಿನ ಇಂಗ್ಲಿಷು ಅವರಿಗೆ ಬೇಕಾಗಲಿಲ್ಲ.

"ಎಸ್ದಿರೋ ಎಲೆನೇ ಎತ್ಕೊಂಡು ಆಡ್ತೀಯಲ್ಲೋ" ಅಂದರು.

"ಹ್ಞೂಂ ಅತ್ತೆ, ಇದು ಹಾಗೇ ಆಡೋದು."

ಇನ್ನೆರಡು ಹೂ ಕಟ್ಟಿದರು. ಆಮೇಲೆ ದಾರ ಹಲ್ಲಿನಲ್ಲಿ ಕಚ್ಚಿ ಹಿಡಿದೇ, ಗುಡ್ಡೆಯ ಕಡೆ ಗದ್ದ ತೋರಿಸಿ ಕೇಳಿದರು:

"ಎದುರಿನವ್ನು ಆ ಗುಡ್ಡೆನೇ ಎತ್ಕೊಂಡು ಹೋದ್ರೆ ಏನೋ ಮಾಡ್ತೀಯ?"